ಕಾಡುಹೂಗಳ ಫೋಟೋಗೆ ಮ್ಯಾಕ್ರೋ ಲೆನ್ಸ್ ಬೇಕೇ ಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹವ್ಯಾಸಕ್ಕೆ ಫೋಟೋ ತೆಗೆಯುವವಳು. ದೊಡ್ಡ ಮರಗಳ ಹೂಗಳಿಗಿಂತ ನೆಲದ ಮೇಲಿನ ಪುಟ್ಟ ಹೂಗಳ ಮೇಲೆಯೇ ನನಗೆ ಪ್ರೀತಿ ಜಾಸ್ತಿ. ಹುಲ್ಲಿನ ನಡುವೆ ಉಗುರಿನಷ್ಟೇ ಇರುವ ನೀಲಿ ಹೂ, ಬಂಡೆಯ ಬಿರುಕಿನಲ್ಲಿ ಬೇರೂರಿದ ನೆಲದ ಆರ್ಕಿಡ್, ಒದ್ದೆ ಮಣ್ಣಿನಲ್ಲಿ ಕೆಂಪಗೆ ಹರಡಿಕೊಂಡ, ಹುಳ ಹಿಡಿದು ತಿನ್ನುವ ಡ್ರಾಸೆರಾ ಗಿಡ, ಇಂಥವು. ಮಂಡಿಯೂರಿ ಕೂತು ನೋಡಿದಷ್ಟೂ ಏನಾದರೊಂದು ಹೊಸದು ಕಾಣುತ್ತದೆ.

ನನ್ನ ಹತ್ತಿರ ಎಪಿಎಸ್-ಸಿ ಎನ್ನುವ ಮಧ್ಯಮ ಗಾತ್ರದ ಸೆನ್ಸರ್‌ನ ಕ್ಯಾಮೆರಾ ಇದೆ. ಅದರ ಜೊತೆಗೇ ಬಂದ 18-55 ಮಿ.ಮೀ. ಲೆನ್ಸ್, ಆಮೇಲೆ ಕೊಂಡ, ದೂರದ್ದನ್ನು ಹತ್ತಿರ ತರುವ 55-250 ಮಿ.ಮೀ. ಲೆನ್ಸ್ ಇವೆ. ಟ್ರೈಪಾಡ್ ಇದೆ, ಆದರೆ ತುಂಬ ಕೆಳಗೆ ಇಳಿಯುವುದಿಲ್ಲ. ಫೋನ್ ಅಂತೂ ಇದ್ದೇ ಇದೆ.

ತೊಂದರೆ ಏನೆಂದರೆ, ಫೋಟೋ ಮಸುಕಾಗಿಲ್ಲ, ಫೋಕಸ್ ಸರಿಯಾಗೇ ಇರುತ್ತದೆ, ಆದರೂ ಹೂ ಎದ್ದು ಕಾಣುವುದಿಲ್ಲ. ಕಣ್ಣಿಗೆ ಕಂಡಾಗ ಅಷ್ಟು ಚೆಂದ ಇದ್ದ ಹೂ, ಮನೆಗೆ ಬಂದು ಪರದೆಯ ಮೇಲೆ ನೋಡಿದರೆ ಹುಲ್ಲುಕಡ್ಡಿಗಳ ಮಧ್ಯೆ ಕಳೆದುಹೋಗಿರುತ್ತದೆ. ಹಿಂದೆ ಎಲ್ಲೋ ಒಂದು ಒಣಗಿದ ಕಡ್ಡಿ ಬೆಳ್ಳಗೆ ಹೊಳೆಯುತ್ತಿರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಇನ್ನೊಂದು, ಕಡು ಕೆಂಪು ಹೂಗಳು. ಗೌರಿ ಹೂವಿನ ಎಸಳಿನಲ್ಲಿ ಎಷ್ಟು ಗೆರೆ, ಎಷ್ಟು ಮಡಿಕೆ! ಫೋಟೋದಲ್ಲಿ ಅವೆಲ್ಲ ಮಾಯವಾಗಿ ಬರೀ ಕೆಂಪು ಬಣ್ಣ ಬಳಿದಂತೆ ಬರುತ್ತದೆ. ಮೂರನೆಯದು, ಮುಂದೆ ಹೂಗಳು, ಹಿಂದೆ ಗುಡ್ಡ ಇರುವ ದೃಶ್ಯ. ಹೂವಿಗೆ ಫೋಕಸ್ ಮಾಡಿದರೆ ಗುಡ್ಡ ಮಸುಕು, ಗುಡ್ಡಕ್ಕೆ ಮಾಡಿದರೆ ಹೂ ಮಸುಕು.

ಕೇಳಿದವರೆಲ್ಲ, ಪುಟ್ಟದ್ದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ತಗೊಳ್ಳಿ ಎನ್ನುತ್ತಾರೆ. ದುಡ್ಡು ಹಾಕುವ ಮೊದಲು ಇಲ್ಲಿ ಒಮ್ಮೆ ಕೇಳೋಣ ಅನ್ನಿಸಿತು. ನಿಜವಾಗಿಯೂ ಲೆನ್ಸ್‌ನಿಂದ ಇದು ಸರಿಹೋಗುತ್ತಾ?

ಉತ್ತರ 1

ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದನ್ನೂ ಮ್ಯಾಕ್ರೋ ಲೆನ್ಸ್ ಬಗೆಹರಿಸುವುದಿಲ್ಲ. ಅದು ಒಳ್ಳೆಯ ಲೆನ್ಸೇ, ನಾನೂ ಬಳಸುತ್ತೇನೆ. ಆದರೆ ಅದು ಕೊಡುವುದು ದೊಡ್ಡ ಗಾತ್ರ ಮಾತ್ರ. ಹಿಂದಿನ ಒಣಕಡ್ಡಿಯನ್ನೂ ಅಷ್ಟೇ ಶ್ರದ್ಧೆಯಿಂದ ದೊಡ್ಡದು ಮಾಡಿ ತೋರಿಸುತ್ತದೆ.

ನೆಲದ ಹೂಗಳನ್ನು ತುಂಬ ವರ್ಷಗಳಿಂದ ತೆಗೆಯುತ್ತಾ ಬಂದವನಾಗಿ ಒಂದು ಮಾತು ಹೇಳುತ್ತೇನೆ. ಹೂಗಳ ಗುಂಪು ಸಿಕ್ಕಿದಾಗ ನಾನು ಮೊದಲು ನೋಡುವುದು ಅವುಗಳ ಹಿಂದೆ ಏನಿದೆ ಅಂತ. ಎಲ್ಲಕ್ಕಿಂತ ಚೆಂದದ ಹೂವಿನ ಬೆನ್ನಿಗೇ ಹುಲ್ಲು ಅಂಟಿಕೊಂಡಿದ್ದರೆ ಅದನ್ನು ಬಿಟ್ಟುಬಿಡುತ್ತೇನೆ. ಎಸಳಿನ ತುದಿ ಹುಳು ತಿಂದಿದ್ದರೂ ಪರವಾಗಿಲ್ಲ, ಹಿಂದೆ ಒಂದು ಮೀಟರ್ ಖಾಲಿ ಜಾಗ, ಅದರಾಚೆ ನೆರಳು ಇರುವ ಹೂವನ್ನೇ ಆರಿಸಿಕೊಳ್ಳುತ್ತೇನೆ. ಹಿನ್ನೆಲೆ ಎಷ್ಟು ಕರಗುತ್ತದೆ ಎನ್ನುವುದಕ್ಕೆ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಒಂದೇ ಕಾರಣವಲ್ಲ. ನೀವು ಹೂವಿಗೆ ಎಷ್ಟು ಹತ್ತಿರ ಇದ್ದೀರಿ, ಹೂವಿನಿಂದ ಹಿನ್ನೆಲೆ ಎಷ್ಟು ದೂರ ಇದೆ, ಇವೆರಡೂ ಅಷ್ಟೇ ಮುಖ್ಯ. ಹತ್ತು ಸೆಂಟಿಮೀಟರ್ ಹಿಂದಿರುವ ಹುಲ್ಲು ಎಫ್/4ರಲ್ಲೂ ಗೆರೆಗೆರೆಯಾಗಿ ಕಾಣುತ್ತದೆ. ಒಂದು ಮೀಟರ್ ಹಿಂದಿರುವ ಹುಲ್ಲು ಎಫ್/8ರಲ್ಲೂ ಮೆತ್ತಗಾಗುತ್ತದೆ.

ಈ ಕೆಲಸಕ್ಕೆ ನಿಮ್ಮ 55-250 ತುಂಬ ಒಳ್ಳೆಯದು. 250ರಲ್ಲಿ ಅಡ್ಡಕ್ಕೆ ಸುಮಾರು 5 ಡಿಗ್ರಿಯಷ್ಟು ಜಾಗ ಮಾತ್ರ ಚೌಕಟ್ಟಿಗೆ ಬರುತ್ತದೆ. ಅಂದರೆ ಹಿನ್ನೆಲೆಯ ಒಂದು ಸಣ್ಣ ತುಂಡು ಮಾತ್ರ ಸಾಕು ನಿಮಗೆ. ಒಂದು ಗೇಣು ಎಡಕ್ಕೆ ಸರಿದರೆ ಬಿಳಿ ಕಡ್ಡಿ ಆಚೆ ಹೋಗುತ್ತದೆ, ನಾಲ್ಕು ಬೆರಳು ಕೆಳಗಿಳಿದರೆ ಹಸಿರಿನ ಬದಲು ದೂರದ ಕಪ್ಪು ನೆರಳು ಹಿಂದೆ ಬಂದು ನಿಲ್ಲುತ್ತದೆ. ಹೂ ಅಲ್ಲೇ ಇರುತ್ತದೆ, ಫೋಟೋ ಬೇರೆಯೇ ಆಗುತ್ತದೆ. ಟ್ರೈಪಾಡ್ ಹಾಕುವ ಮೊದಲೇ ಕ್ಯಾಮೆರಾ ಕೈಯಲ್ಲಿ ಹಿಡಿದು ಹೀಗೆ ಹುಡುಕಿ. ಮೊದಲೇ ಟ್ರೈಪಾಡ್ ನಿಲ್ಲಿಸಿಬಿಟ್ಟರೆ ಅದು ನಿಂತ ಜಾಗಕ್ಕೇ ನಾವೂ ಕಟ್ಟುಬೀಳುತ್ತೇವೆ.

ಎತ್ತರದ ವಿಷಯ. ನಿಂತು ಕೆಳಗೆ ನೋಡಿ ತೆಗೆದರೆ ಹಿನ್ನೆಲೆ ಯಾವಾಗಲೂ ನೆಲವೇ, ಅದೂ ಹೂವಿಗೆ ಅಂಟಿಕೊಂಡ ನೆಲ. ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿದ ತಕ್ಷಣ ಹಿನ್ನೆಲೆ ಹತ್ತಾರು ಮೀಟರ್ ದೂರ ಹೋಗುತ್ತದೆ. ಟ್ರೈಪಾಡ್ ಇಳಿಯದಿದ್ದರೆ ಬಿಡಿ. ಒಂದು ಬಟ್ಟೆ ಚೀಲದಲ್ಲಿ ಕಾಳು ತುಂಬಿ ಹೊಲಿದುಕೊಳ್ಳಿ, ಅದರ ಮೇಲೆ ಲೆನ್ಸ್ ಇಟ್ಟರೆ ಅಲುಗುವುದಿಲ್ಲ. ಮಲಗುವ ಮೊದಲು ಎದೆಯ ಕೆಳಗೆ ಯಾವ ಗಿಡ ಇದೆ ಅಂತ ನೋಡಿಕೊಳ್ಳಿ. ಒಂದು ಹೂ ತೆಗೆಯಲು ಹತ್ತು ಸಸಿ ತುಳಿಯುವುದನ್ನು ನಾನು ತುಂಬ ಕಡೆ ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಡ್ರಾಸೆರಾ ಹೆಸರು ಹೇಳಿದಿರಿ ಅಂತ ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನಗೆ ಬಹಳ ಇಷ್ಟದ ಗಿಡ ಅದು. ಎಲೆಯ ಮೇಲೆ ಕೆಂಪು ಕೂದಲುಗಳು, ಪ್ರತಿ ಕೂದಲಿನ ತುದಿಯಲ್ಲೂ ಅಂಟಿನ ಒಂದು ಹನಿ. ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಿದ್ದರೆ ಆ ಹನಿಗಳು ಸತ್ತಂತೆ ಕಾಣುತ್ತವೆ. ಗಿಡದ ಆಚೆ ಬದಿಗೆ ಹೋಗಿ, ಸೂರ್ಯ ಎದುರಿಗೆ ಬರುವಂತೆ ಮಲಗಿ ನೋಡಿ. ಒಂದೊಂದು ಹನಿಯಲ್ಲೂ ಬೆಳಕು ಹೊತ್ತಿಕೊಳ್ಳುತ್ತದೆ, ಕೂದಲು ಒಳಗಿನಿಂದ ಕೆಂಪಗೆ ಬೆಳಗುತ್ತದೆ. ಲೆನ್ಸ್‌ಗೆ ಹುಡ್ ಹಾಕಿಕೊಳ್ಳಿ, ಸಾಲದಿದ್ದರೆ ಟೋಪಿಯಿಂದ ನೆರಳು ಹಿಡಿಯಿರಿ, ಇಲ್ಲದಿದ್ದರೆ ಇಡೀ ಫೋಟೋ ಬಿಳಿಚಿಕೊಳ್ಳುತ್ತದೆ. ಈ ಗಿಡದ ಹೂ ಎಲೆಗಳಿಂದ ಸಾಕಷ್ಟು ಮೇಲೆ, ಉದ್ದನೆಯ ಕಡ್ಡಿಯ ತುದಿಯಲ್ಲಿ ಅರಳುತ್ತದೆ. ಎಲೆ, ಹೂ ಎರಡನ್ನೂ ಮೇಲಿನಿಂದ ಒಟ್ಟಿಗೆ ಫೋಕಸ್‌ಗೆ ತರಲು ಹೋಗಬೇಡಿ, ಆಗುವುದಿಲ್ಲ. ಪಕ್ಕದಿಂದ ತೆಗೆದರೆ ಎರಡೂ ಸೆನ್ಸರ್‌ಗೆ ಒಂದೇ ದೂರದಲ್ಲಿ ಸಿಗುತ್ತವೆ. ಹೂ ಬೇಕೆಂದರೆ ಬಿಸಿಲಿರುವ ಹೊತ್ತಿಗೆ ಹೋಗಿ, ಅದು ಕೆಲವೇ ಗಂಟೆ ಅರಳಿರುತ್ತದೆ.

ಹೂವಿನ ಹೊತ್ತು ಅಂದಾಗ ನೆನಪಾಯಿತು. ಯಾವ ಹೂ ಎಷ್ಟು ಗಂಟೆಗೆ ಅರಳುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಅಂತ ಪಟ್ಟಿ ಮಾಡಿ, ಹೂಗಳಿಂದಲೇ ಗಡಿಯಾರ ಮಾಡಬಹುದು ಅಂತ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1751ರಲ್ಲೇ ಬರೆದಿದ್ದರು. ಸಂಜೆಮಲ್ಲಿಗೆ ಅರಳುವುದು ಹೊತ್ತು ಇಳಿದ ಮೇಲೆ. ಆಕ್ಸಾಲಿಸ್‌ನ ಪುಟ್ಟ ಹಳದಿ ಹೂ ಮೋಡ ಮುಚ್ಚಿದರೂ ಮಡಚಿಕೊಳ್ಳುತ್ತದೆ. ‘ಬೆಳಗಿನ ಚಿನ್ನದ ಬೆಳಕಿನಲ್ಲೇ ತೆಗೆಯಿರಿ’ ಎನ್ನುವ ಸಲಹೆ ಇಂಥ ಹೂಗಳ ಮಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ. ನೀವು ಹೋಗುವ ಜಾಗದ ಹೂಗಳ ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಚೀಲದಲ್ಲಿ ಲೆನ್ಸ್ ಮರೆತುಹೋದರೂ ಆ ಪುಸ್ತಕ ಇರುತ್ತದೆ.

ನಡು ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಬಿಳಿ ಬಟ್ಟೆಯ ಕೊಡೆ ಹಿಡಿಯಿರಿ. ಸುಡು ಬಿಸಿಲು ಮೋಡದ ಬೆಳಕಿನ ಹಾಗೆ ಮೃದುವಾಗುತ್ತದೆ. ಕೊಡೆಯ ಬದಲು ನಿಮ್ಮ ಮೈಯ ನೆರಳೇ ಬಿದ್ದರೆ ಬಣ್ಣ ನೀಲಿಗೆ ತಿರುಗುತ್ತದೆ, ಏಕೆಂದರೆ ಆಗ ಹೂವಿನ ಮೇಲೆ ಬೀಳುವುದು ನೀಲಿ ಆಕಾಶದ ಬೆಳಕು ಮಾತ್ರ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅನ್ನು ‘ನೆರಳು’ ಎನ್ನುವ ಆಯ್ಕೆಗೆ ಇಟ್ಟರೆ ಸರಿಹೋಗುತ್ತದೆ. ಗಾಳಿಯ ಕಾಟಕ್ಕೆ ಶಟರ್ ವೇಗದಲ್ಲಿ 1/250 ಸೆಕೆಂಡ್‌ಗಿಂತ ನಿಧಾನಕ್ಕೆ ಹೋಗಬೇಡಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಏರಿದರೆ ಏರಲಿ. ಕಾಳುಕಾಳಾದ ಫೋಟೋವನ್ನು ಆಮೇಲೆ ಸ್ವಲ್ಪ ಸರಿಮಾಡಬಹುದು, ಅಲುಗಿದ ಹೂವನ್ನು ಏನೂ ಮಾಡಲಾಗುವುದಿಲ್ಲ.

ಇನ್ನು ಕೆಂಪು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು ಮಾಡಿ ಬೆಳಕನ್ನು ದಾಖಲಿಸುತ್ತದೆ. ಗೌರಿ ಹೂವಿನಲ್ಲಿ ಕೆಂಪಿನ ಪಾಲು ಮಾತ್ರ ತುಂಬಿ ಉಕ್ಕಿಹೋಗಿರುತ್ತದೆ, ಉಳಿದೆರಡು ಅರ್ಧವೂ ತುಂಬಿರುವುದಿಲ್ಲ. ಒಟ್ಟು ಹಿಸ್ಟೋಗ್ರಾಮ್ (ಫೋಟೋದಲ್ಲಿ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಅದಕ್ಕೆ ಮೂರು ಬಣ್ಣ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಳ್ಳಿ. ಕೆಂಪು ಗೆರೆ ಬಲಗಡೆ ಗೋಡೆಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಹೆಚ್ಚು-ಕಮ್ಮಿ ಮಾಡುವ ಆಯ್ಕೆ) ಅನ್ನು ಮೈನಸ್ ಕಡೆಗೆ ತನ್ನಿ, ಗೆರೆ ಗೋಡೆ ಬಿಡುವ ತನಕ. ಜೆಪೆಗ್ ಬದಲು, ಸೆನ್ಸರ್ ದಾಖಲಿಸಿದ್ದನ್ನು ಹಾಗೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ, ಎಸಳಿನ ಗೆರೆಗಳನ್ನು ವಾಪಸ್ ತರಲು ಅದರಲ್ಲಿ ಜಾಗ ಇರುತ್ತದೆ. ಬಿಳಿ ಹೂವಿನದು ಬೇರೆ ಕಥೆ. ಚೌಕಟ್ಟಿನ ತುಂಬ ಬಿಳಿಯೇ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ, ಆಗ ಪ್ಲಸ್ ಬೇಕು. ಕಪ್ಪು ಹಿನ್ನೆಲೆಯಲ್ಲಿ ಒಂದೇ ಒಂದು ಸಣ್ಣ ಬಿಳಿ ಹೂ ಇದ್ದರೆ ಅದು ಸುಟ್ಟುಹೋಗುತ್ತದೆ, ಆಗ ಮೈನಸ್.

ಗುಡ್ಡದ ಲೆಕ್ಕ ಸುಲಭ. 18-55 ಅನ್ನು 18ಕ್ಕೆ ಇಟ್ಟು, ಎಫ್/11 ಮಾಡಿ, ಒಂದೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿ. ಮುಕ್ಕಾಲು ಮೀಟರ್‌ನಿಂದ ಹಿಡಿದು ದಿಗಂತದ ತನಕ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿ ಬರುತ್ತದೆ. ಹೂ ಅದಕ್ಕಿಂತ ಹತ್ತಿರ ಇದ್ದರೆ ಟ್ರೈಪಾಡ್ ಮೇಲೆ ಎರಡು ಫೋಟೋ ತೆಗೆದು, ಆಮೇಲೆ ಒಂದು ಮಾಡಬೇಕು. ಗಾಳಿ ಇಲ್ಲದಾಗ ಮಾತ್ರ ಅದು ಸಾಧ್ಯ. ನನ್ನನ್ನು ಕೇಳಿದರೆ ಗುಡ್ಡ ಸ್ವಲ್ಪ ಮೆತ್ತಗೆ ಇರಲಿ. ಅದು ಗುಡ್ಡ ಅಂತ ಗೊತ್ತಾದರೆ ಸಾಕು, ಅದರ ಮೇಲಿನ ಮರ ಎಣಿಸುವಷ್ಟು ಬೇಕಾಗಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಪ್ಪುತ್ತೇನೆ, ಆದರೆ ಹಿನ್ನೆಲೆಯನ್ನು ಪೂರ್ತಿ ಕರಗಿಸುವುದೇ ಗುರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಸಿರು ಮಂಜಿನ ಮುಂದೆ ಒಂದು ಹೂ ಇರುವ ಫೋಟೋ ನೋಡಿದರೆ ಅದು ಜೌಗಿನಲ್ಲಿ ಬೆಳೆದದ್ದಾ, ಬಂಡೆಯ ಮೇಲೆ ಬೆಳೆದದ್ದಾ ಅಂತಲೇ ಗೊತ್ತಾಗುವುದಿಲ್ಲ. ಗಿಡದ ಊರು ಕಾಣಬೇಕಲ್ವಾ?

ಇದಕ್ಕೆ ನಿಮ್ಮ ಫೋನೇ ಸಾಕು. ಫೋನ್‌ನ ಸೆನ್ಸರ್ ಚಿಕ್ಕದು, ಲೆನ್ಸ್ ಅಗಲ. ಹಾಗಾಗಿ ಹೂವಿಗೆ ತೀರಾ ಹತ್ತಿರ ಹೋದರೂ ಹಿಂದಿನ ಬಂಡೆ, ನೀರು, ಆಕಾಶ ಗುರುತು ಸಿಗುವಷ್ಟು ಉಳಿಯುತ್ತವೆ. ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ, ಆಗ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ. ಹೂವಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಆಮೇಲೆ ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಪೋರ್ಟ್ರೇಟ್ ಮೋಡ್ ಬೇಡ. ಅದು ಲೆಕ್ಕ ಹಾಕಿ ಮಾಡುವ ಮಸುಕು, ಎಸಳಿನ ಅಂಚು, ಕೇಸರದ ತುದಿ ಎಲ್ಲವನ್ನೂ ತಿಂದುಹಾಕುತ್ತದೆ. ಮ್ಯಾಕ್ರೋ ಮೋಡ್‌ನಲ್ಲಿ ತುಂಬ ಫೋನ್‌ಗಳು ಅತಿ ಅಗಲದ ಕ್ಯಾಮೆರಾವನ್ನೇ ಬಳಸುತ್ತವೆ. ಆಗ ಫೋನ್‌ನ ನೆರಳು ಹೂವಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ಇನ್ನೊಂದು ಕೋರಿಕೆ. ಚೆಂದದ ಫೋಟೋ ಆದಮೇಲೆ ಎಲೆಯದ್ದು, ಎಲೆಯ ಅಡಿಯದ್ದು, ಕಾಂಡದ್ದು, ಹೂವಿನ ಹಿಂಭಾಗದ್ದು ಒಂದೊಂದು ತೆಗೆದಿಡಿ. ಎಸಳುಗಳ ಮುಖ ಮಾತ್ರ ನೋಡಿ ಎಷ್ಟೋ ಗಿಡಗಳನ್ನು ಗುರುತಿಸಲು ಆಗುವುದಿಲ್ಲ. ಗಿಡ, ಪ್ರಾಣಿಗಳ ಫೋಟೋ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಜಾಲತಾಣ 2008ರಿಂದ ಇದೆ. ಅಲ್ಲಿ ಹಾಕಿದರೆ ಗೊತ್ತಿರುವವರು ಹೆಸರು ಹೇಳುತ್ತಾರೆ, ನಿಮ್ಮ ಫೋಟೋ ಸಂಶೋಧಕರಿಗೂ ದಾಖಲೆಯಾಗುತ್ತದೆ. ಹವ್ಯಾಸಿಗಳು ಸುಮ್ನೆ ಸಂತೋಷಕ್ಕೆ ತೆಗೆದದ್ದು ಇಷ್ಟು ಕೆಲಸಕ್ಕೆ ಬರುವ ಕಾಲ ಹಿಂದೆ ಇರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಡ್ರಾಸೆರಾಗೆ ಸೂರ್ಯ ಎದುರಿರಬೇಕು ಅನ್ನುವುದನ್ನು ಮೊದಲು ಪ್ರಯತ್ನಿಸುತ್ತೇನೆ.

ಇನ್ನೆರಡು ಪ್ರಶ್ನೆ ಹುಟ್ಟಿಕೊಂಡವು. ಹೂವಿನ ಮೇಲೆ ಬಂದು ಕೂರುವ ಚಿಟ್ಟೆ, ಹತ್ತಿರದ ಕೊಂಬೆಯ ಹಕ್ಕಿ, ಇವೂ ಬೇಕು ಅನ್ನಿಸುತ್ತದೆ. ಆದರೆ ನಾನು ಹತ್ತಿರ ಹೋಗುವುದರೊಳಗೆ ಹಾರಿಹೋಗುತ್ತವೆ. ಇದಕ್ಕೆ ಇನ್ನೂ ಉದ್ದದ ಲೆನ್ಸೇ ಬೇಕಾ? ಮತ್ತೆ, ಎಷ್ಟು ಸರಿದರೂ ಹೋಗದ ಒಂದು ಹುಲ್ಲುಕಡ್ಡಿ ಇದ್ದರೆ ಕಿತ್ತು ಹಾಕಬಹುದಾ, ಇಲ್ಲಾ ಕಂಪ್ಯೂಟರ್‌ನಲ್ಲಿ ಅಳಿಸಬಹುದಾ?

ಉತ್ತರ 3

ಚಿಟ್ಟೆಗಳ ಬಗ್ಗೆ ನಾನು ಹೇಳುತ್ತೇನೆ. ಬಿಸಿಲೇರಿದ ಮೇಲೆ ಹಿಂದೆ ಓಡಿದರೆ ಯಾವ ಲೆನ್ಸೂ ಸಾಲದು. ಚಿಟ್ಟೆಗೆ ತನ್ನದೇ ಬಿಸಿ ಇಲ್ಲ, ಹಾರಬೇಕೆಂದರೆ ಮೈ ಕಾಯಿಸಿಕೊಳ್ಳಬೇಕು. ಬೆಳಕು ಹರಿಯುವ ಮೊದಲೇ ಹೋಗಿ ಹುಲ್ಲಿನ ತುದಿಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ರೆಕ್ಕೆ ಮಡಚಿ, ಮೈತುಂಬ ಇಬ್ಬನಿ ಹೊತ್ತು ಕೂತಿರುತ್ತವೆ, ಆಗ ಬೇಕಾದಷ್ಟು ಹೊತ್ತು ಸಿಗುತ್ತದೆ. ಸೆನ್ಸರ್ ರೆಕ್ಕೆಗೆ ಸಮಾನಾಂತರವಾಗಿರಲಿ, ಆಗ ಎಫ್/8ರಲ್ಲೇ ರೆಕ್ಕೆಯ ಈ ತುದಿಯಿಂದ ಆ ತುದಿಯವರೆಗೆ ಸ್ಪಷ್ಟ. ಸ್ವಲ್ಪ ಓರೆಯಾದರೂ ಅರ್ಧ ರೆಕ್ಕೆ ಮಸುಕು. ಸೂರ್ಯ ಬಂದ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತವೆ, ಮೇಲ್ಭಾಗದ ಬಣ್ಣ ಬೇಕಾದರೆ ಅದೇ ಹೊತ್ತು.

ಏರೋಪ್ಲೇನ್ ಚಿಟ್ಟೆಗಳದ್ದು ಇನ್ನೂ ಸುಲಭ. ಹಲವು ಜಾತಿಗಳು ಹಾರಿಹೋದರೂ ಅದೇ ಕಡ್ಡಿಯ ತುದಿಗೆ ಮತ್ತೆ ಬಂದು ಕೂರುತ್ತವೆ. ಹಾರಿತು ಅಂತ ಎದ್ದು ಹೋಗಬೇಡಿ. ಆ ಕಡ್ಡಿಗೆ ಫೋಕಸ್ ಮಾಡಿಟ್ಟು ಕೂತಿರಿ.

ಹತ್ತಿರ ಹೋಗುವಾಗ ನಿಮ್ಮ ನೆರಳು ಅದರ ಮೇಲೆ ಹಾಯಬಾರದು. ಬಗ್ಗಿ, ನಿಧಾನವಾಗಿ ಹೋಗಿ. ಹಕ್ಕಿಗಳ ಹತ್ತಿರ ನೇರವಾಗಿ ನಡೆದು ಹೋಗಲೇಬಾರದು. ಮೇಯುತ್ತಿದ್ದ ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ಉದ್ದ ಮಾಡಿತು ಅಂದರೆ ಅದಕ್ಕೆ ನೀವು ಗೊತ್ತಾಗಿದ್ದೀರಿ ಅಂತ ಅರ್ಥ. ಅಲ್ಲೇ ಕೂತುಬಿಡಿ. ಅದು ಮತ್ತೆ ಮೇಯಲು ಶುರು ಮಾಡುವ ತನಕ ಅಲುಗಬೇಡಿ. ಎಷ್ಟೋ ಸಲ ಹಕ್ಕಿಯೇ ನಮ್ಮ ಕಡೆ ಬರುತ್ತದೆ. ರಸ್ತೆ ಬದಿಯಲ್ಲಿ ಕಾರಿದ್ದರೆ ಇಂಜಿನ್ ಆರಿಸಿ ಒಳಗೇ ಕೂತು ತೆಗೆಯಿರಿ, ನಡೆದು ಬರುವ ಮನುಷ್ಯನಿಗೆ ಹೆದರುವಷ್ಟು ಹಕ್ಕಿಗಳು ನಿಂತ ವಾಹನಕ್ಕೆ ಹೆದರುವುದಿಲ್ಲ. ಈ ಮರೆಯ ಉಪಾಯ ಬಹಳ ಹಳೆಯದು. ಇಂಗ್ಲೆಂಡಿನ ಕೀಯರ್ಟನ್ ಸಹೋದರರು 1900ರಲ್ಲಿ ಎತ್ತಿನ ಚರ್ಮವನ್ನು ಚೌಕಟ್ಟಿಗೆ ಹೊದಿಸಿ, ಟೊಳ್ಳು ಎತ್ತೊಂದನ್ನು ಮಾಡಿಕೊಂಡು ಅದರೊಳಗೆ ಕೂತು ಹಕ್ಕಿಗಳ ಫೋಟೋ ತೆಗೆದಿದ್ದರು. ಆಗಿನ ಕ್ಯಾಮೆರಾ, ಆಗಿನ ಗಾಜಿನ ಪ್ಲೇಟುಗಳ ಜೊತೆ!

250 ಮಿ.ಮೀ. ಹಕ್ಕಿಗೆ ಸ್ವಲ್ಪ ಕಮ್ಮಿಯೇ, ಸುಳ್ಳು ಹೇಳುವುದಿಲ್ಲ. ಆದರೆ ಹಕ್ಕಿಯನ್ನು ಚೌಕಟ್ಟಿನ ತುಂಬ ತುಂಬಿಸಲೇಬೇಕು ಅಂತ ಏನಿದೆ? ಸುತ್ತಲಿನ ಜೊಂಡು, ನೀರು ಸೇರಿಸಿ ತೆಗೆಯಿರಿ. ಫೋಕಸ್ ಕಣ್ಣಿನ ಮೇಲಿರಲಿ, ಕ್ಯಾಮೆರಾ ಅದರ ಕಣ್ಣಿನ ಎತ್ತರದಲ್ಲಿರಲಿ. ಕೂತ ಹಕ್ಕಿಗೆ 1/500 ಸಾಕು, ಹಾರುವ ಹಕ್ಕಿಗೆ 1/2000 ಇಟ್ಟುಕೊಳ್ಳಿ. ಆಟೋ ಐಎಸ್‌ಒ ಹಾಕಿದರೆ ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ.

ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ನಾವು ನಿಂತಷ್ಟು ಹೊತ್ತು ತಾಯಿ ಹಕ್ಕಿ ದೂರ ಇರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಮರಿ ಹಸಿದಿರುತ್ತದೆ. ನಾವು ಎದ್ದು ಹೋದ ಮೇಲೆ ನಮ್ಮ ಹೆಜ್ಜೆಯ ಜಾಡು ಹಿಡಿದು ಬೇರೆ ಪ್ರಾಣಿ ಬರಬಹುದು. ಫೋನ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಜಗಳಕ್ಕೆ ಬರುತ್ತದೆ, ಇಲ್ಲದ ಶತ್ರುವಿನ ಮೇಲೆ ಶಕ್ತಿ ಕಳೆದುಕೊಳ್ಳುತ್ತದೆ. ಅಂಥ ಫೋಟೋ ಎಷ್ಟು ಸ್ಪಷ್ಟವಾಗಿದ್ದರೂ ನನಗೆ ನೋಡಲು ಮನಸ್ಸಾಗುವುದಿಲ್ಲ.

ಉತ್ತರ 1 ಬರೆದವರಿಂದ

ಹುಲ್ಲುಕಡ್ಡಿಯ ಪ್ರಶ್ನೆ ನನಗೆ ಬಿಟ್ಟಿದ್ದಾರೆ ಅಂತ ಕಾಣುತ್ತದೆ.

ಕೀಳಬೇಡಿ. ನಿಧಾನವಾಗಿ ಪಕ್ಕಕ್ಕೆ ಬಾಗಿಸಿ, ಬಟ್ಟೆ ಒಣಹಾಕುವ ಕ್ಲಿಪ್‌ನಿಂದ ಇನ್ನೊಂದು ಕಡ್ಡಿಗೆ ಸೇರಿಸಿ, ಫೋಟೋ ಆದಮೇಲೆ ಬಿಟ್ಟುಬಿಡಿ. ಒಣಗಿ ಉದುರಿದ ಎಲೆಯನ್ನು ಎತ್ತಿ ಪಕ್ಕಕ್ಕಿಟ್ಟರೆ ತೊಂದರೆ ಇಲ್ಲ. ಆದರೆ ಸುತ್ತಲಿನ ಹುಲ್ಲನ್ನೆಲ್ಲ ಬೋಳಿಸಿ ಹೂವನ್ನು ಒಂಟಿ ಮಾಡಿದರೆ ಎರಡು ನಷ್ಟ. ಆ ಹುಲ್ಲಿನ ನೆರಳಿನಲ್ಲಿ ಬದುಕಿದ್ದ ಗಿಡ ಬಿಸಿಲಿಗೆ ಸಿಗುತ್ತದೆ, ದನಕರು, ಜಿಂಕೆಗಳಿಗೂ ಎದ್ದು ಕಾಣುತ್ತದೆ.

ಕಂಪ್ಯೂಟರ್‌ನಲ್ಲಿ ಅಳಿಸುವುದು ನೀವು ಆ ಫೋಟೋವನ್ನು ಏನು ಮಾಡುತ್ತೀರಿ ಎನ್ನುವುದರ ಮೇಲಿದೆ. ಮನೆಯ ಗೋಡೆಗೆ ಹಾಕಿಕೊಳ್ಳುವುದಾದರೆ ನಿಮ್ಮಿಷ್ಟ. ನಿಸರ್ಗ ವಿಭಾಗದ ಸ್ಪರ್ಧೆಗೆ ಕಳಿಸುವಂತಿಲ್ಲ. ಛಾಯಾಗ್ರಹಣ ಸಂಸ್ಥೆಗಳಾದ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಪಿಎಸ್ಎ, ಬ್ರಿಟನ್ನಿನ ಆರ್‌ಪಿಎಸ್ ಮೂರೂ ಸೇರಿ 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆ ಒಪ್ಪಿಕೊಂಡವು. ಅದರ ಪ್ರಕಾರ ಚೌಕಟ್ಟು ಕತ್ತರಿಸಬಹುದು, ಸೆನ್ಸರ್‌ನ ಧೂಳಿನ ಚುಕ್ಕೆ, ಕಾಳುಕಾಳು ತೆಗೆಯಬಹುದು, ಹಲವು ಫೋಕಸ್‌ನ ಫೋಟೋಗಳನ್ನು ಒಂದು ಮಾಡಬಹುದು. ಅಲ್ಲಿ ಇದ್ದದ್ದನ್ನು ಅಳಿಸುವುದು, ಇಲ್ಲದ್ದನ್ನು ಸೇರಿಸುವುದು, ಜಾಗ ಬದಲಿಸುವುದು ಕೂಡದು. ಈ ಗೆರೆ ಸರಿಯಾಗಿದೆ ಅಂತಲೇ ನನಗೆ ಅನ್ನಿಸುತ್ತದೆ. ನೋಡುವವರು ನಮ್ಮನ್ನು ನಂಬಿ ನೋಡುತ್ತಾರೆ.

ಆದರೆ ಹಿನ್ನೆಲೆಯ ಈ ಚಿಂತೆ ಇವತ್ತಿನದಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತ ಇದ್ದರು. 1885ರ ಜನವರಿಯಲ್ಲಿ, ಇನ್ನೂ 19ರ ಹರೆಯದಲ್ಲಿ, ಕ್ಯಾಮೆರಾಗೆ ಸೂಕ್ಷ್ಮದರ್ಶಕ ಜೋಡಿಸಿ ಹಿಮದ ಹರಳೊಂದರ ಫೋಟೋ ತೆಗೆದರು. ಸಾಯುವುದರೊಳಗೆ 5000ಕ್ಕೂ ಹೆಚ್ಚು ಹರಳುಗಳನ್ನು ಸೆರೆಹಿಡಿದಿದ್ದರು. ಹರಳು ಎದ್ದು ಕಾಣಲಿ ಅಂತ ಅವರು ನೆಗೆಟಿವ್‌ನ ಇನ್ನೊಂದು ಪ್ರತಿ ಮಾಡಿ, ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಹಾಗೆ ಬಂತು ಆ ಕಪ್ಪು ಹಿನ್ನೆಲೆ. ಮೂಲ ನೆಗೆಟಿವ್ ಮುಟ್ಟುತ್ತಿರಲಿಲ್ಲ. ನೀವೂ ಅಷ್ಟು ಮಾಡಿ, ಮೂಲ ರಾ ಫೈಲ್ ಯಾವತ್ತೂ ಅಳಿಸಬೇಡಿ.

ನೆಲದ ಆರ್ಕಿಡ್ ಫೋಟೋವನ್ನು ಎಲ್ಲಾದರೂ ಹಾಕುವಾಗ ಜಾಗದ ಹೆಸರು ಬರೆಯಬೇಡಿ. ಫೈಲ್ ಒಳಗಿನ ಜಿಪಿಎಸ್ ಮಾಹಿತಿಯನ್ನೂ ತೆಗೆದುಹಾಕಿ, ಫೋನ್ ಅದನ್ನು ತಾನಾಗಿಯೇ ಸೇರಿಸಿರುತ್ತದೆ. ಗೆಡ್ಡೆ ಅಗೆದುಕೊಂಡು ಹೋಗುವವರು ಇದ್ದೇ ಇದ್ದಾರೆ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮರೆಮಾಡುವ ಆಯ್ಕೆ ಇದೆ, ಅಪಾಯದಲ್ಲಿರುವ ಹಲವು ಜಾತಿಗಳಿಗೆ ಅದು ತಾನಾಗಿಯೇ ಮರೆಮಾಡುತ್ತದೆ.

ಕೊನೆಗೆ ನಿಮ್ಮ ಮೊದಲ ಪ್ರಶ್ನೆ. ಇಷ್ಟೆಲ್ಲ ಮಾಡಿದ ಮೇಲೂ ಉಗುರಿನಷ್ಟಿರುವ ನೀಲಿ ಹೂ ಚಿಕ್ಕದಾಗೇ ಬರುತ್ತಿದೆ ಅನ್ನಿಸಿದರೆ ಮ್ಯಾಕ್ರೋ ಲೆನ್ಸ್‌ಗಿಂತ ಮೊದಲು ಕ್ಲೋಸ್-ಅಪ್ ಲೆನ್ಸ್ ತಗೊಳ್ಳಿ. ಫಿಲ್ಟರ್ ಹಾಗೆ ಮುಂದೆ ತಿರುಗಿಸಿ ಹಾಕುವ ಗಾಜು ಅದು. ಪ್ಲಸ್ 2 ಶಕ್ತಿಯ, ಅಂದರೆ 2 ಡಯಾಪ್ಟರ್‌ನದ್ದನ್ನು 55-250ಕ್ಕೆ ಹಾಕಿ, 250ಕ್ಕೆ ಎಳೆದು, ಫೋಕಸ್ ಅನ್ನು ಅನಂತಕ್ಕೆ ಇಟ್ಟರೆ ಅರ್ಧ ಮೀಟರ್ ದೂರದಿಂದಲೇ ಹೂ ಸೆನ್ಸರ್ ಮೇಲೆ ನಿಜ ಗಾತ್ರದ ಅರ್ಧದಷ್ಟು ಬೀಳುತ್ತದೆ. ಸುಮಾರು ಐದು ಸೆಂಟಿಮೀಟರ್ ಅಗಲದ ಜಾಗ ಇಡೀ ಚೌಕಟ್ಟು ತುಂಬುತ್ತದೆ. ನಿಜ ಗಾತ್ರಕ್ಕೇ ಹೋದರೆ ಎಫ್/8ರಲ್ಲೂ ಫೋಕಸ್‌ನ ಆಳ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ, ಎಸಳಿಗೆ ಸಿಕ್ಕರೆ ಕೇಸರಕ್ಕೆ ಸಿಗುವುದಿಲ್ಲ. ಹಾಗಾಗಿ ಮೊದಲಿಗೆ ಅರ್ಧ ಗಾತ್ರವೇ ಒಳ್ಳೆಯದು. ಒಂದೇ ಗಾಜಿನದ್ದು ಬೇಡ, ಅಂಚಿನಲ್ಲಿ ನೇರಳೆ ಬಣ್ಣ ಒಸರುತ್ತದೆ. ಎರಡು ಗಾಜು ಅಂಟಿಸಿದ ಆಕ್ರೋಮ್ಯಾಟ್ ಅಂತ ಕೇಳಿ. ಲೆನ್ಸ್‌ನ ಮುಂಭಾಗದಲ್ಲಿ ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ ಒಂದು ಅಂಕಿ ಬರೆದಿರುತ್ತದೆ, ಕೊಳ್ಳುವಾಗ ಅದೇ ಅಳತೆಯದ್ದನ್ನು ನೋಡಿ ತಗೊಳ್ಳಿ.